ಸ್ಕ್ರ್ಯಾಪಿಗೆ ಹೋಗಬೇಕಿದ್ದ ಸೆಟ್ಟಿನಲ್ಲಿ ದುರ್ಗದ ದನಿ

ದಾವಣಗೆರೆಯಲ್ಲಿ ನನ್ನದು ಮೋಟಾರ್ ವೈಂಡಿಂಗ್ ಅಂಗಡಿ. ತಾಮ್ರದ ತಂತಿ, ವಾರ್ನಿಷ್ ವಾಸನೆ, ಸುಟ್ಟುಹೋದ ಬೋರ್‌ವೆಲ್ ಮೋಟಾರುಗಳ ನಡುವೆಯೇ ನನಗೆ ಹ್ಯಾಮ್ ರೇಡಿಯೋ, ಅಂದರೆ ಹವ್ಯಾಸಕ್ಕಾಗಿ ಲೈಸೆನ್ಸ್ ಪಡೆದು ರೇಡಿಯೋ ಸೆಟ್ಟಿನಲ್ಲಿ ಪರಸ್ಪರ ಮಾತಾಡುವ ಹುಚ್ಚು ಹತ್ತಿದ್ದು. ಹೊಸ ಹ್ಯಾಮ್ ಸೆಟ್ ಕೊಳ್ಳುವಷ್ಟು ದುಡ್ಡು ಆಗ ಕೈಯಲ್ಲಿರಲಿಲ್ಲ. ಹಾಗಾಗಿ ಕಂಪನಿಗಳು ವರ್ಷಗಟ್ಟಲೆ ಬಳಸಿ ಬಿಟ್ಟ ಸೆಟ್‌ಗಳನ್ನೇ ಹಿಡಿದೆ. ಈಗ ದುಡ್ಡಿದ್ದರೂ ಅವನ್ನು ಬಿಡುವ ಮನಸ್ಸಿಲ್ಲ. ಹೇಗೆ ಮಾಡಿದೆ, ಎಲ್ಲಿ ಸಿಕ್ಕಿಹಾಕಿಕೊಂಡೆ ಅನ್ನೋದನ್ನು ಬರೆಯುತ್ತೇನೆ.

ಮೊದಲು ಲೈಸೆನ್ಸ್ ಮಾತು. ಇದನ್ನು ಕೊನೆಗೆ ನೋಡೋಣ ಅಂತ ಬಿಡಬೇಡಿ. ವಾಕಿಟಾಕಿ ಕೈಗೆ ಸಿಕ್ಕಿತು ಅಂತ ಒತ್ತಿ ಮಾತಾಡುವ ಹಾಗಿಲ್ಲ. ಕೇಂದ್ರ ಸರ್ಕಾರದ ಪರೀಕ್ಷೆ ಬರೆದು ಪಾಸಾಗಬೇಕು, ಆಮೇಲೆ ಲೈಸೆನ್ಸ್ ಮತ್ತು ಕಾಲ್‌ಸೈನ್, ಅಂದರೆ ಗಾಳಿಯಲ್ಲಿ ನಮ್ಮನ್ನು ಗುರುತಿಸುವ ಹೆಸರು, ಬರುತ್ತದೆ. 12 ವರ್ಷ ತುಂಬಿದ ಯಾರು ಬೇಕಾದರೂ ಬರೆಯಬಹುದು. ರಿಸ್ಟ್ರಿಕ್ಟೆಡ್ ಗ್ರೇಡ್‌ಗೆ ಮೋರ್ಸ್ ಕೋಡ್ (ಚುಕ್ಕಿ-ಗೆರೆಯ ಸದ್ದಿನ ಭಾಷೆ) ಬೇಕಿಲ್ಲ, ರೇಡಿಯೋ ಹೇಗೆ ಕೆಲಸ ಮಾಡುತ್ತದೆ ಮತ್ತು ನಿಯಮಗಳೇನು ಎಂಬ ಎರಡು ವಿಷಯ ಓದಿಕೊಂಡರೆ ಸಾಕು. ಜನರಲ್ ಗ್ರೇಡ್‌ಗೆ ಮೋರ್ಸ್ ಬೇಕು. ನಾನು ಬೆಂಗಳೂರಿಗೆ ಹೋಗಿ ರಿಸ್ಟ್ರಿಕ್ಟೆಡ್ ಬರೆದೆ, ವಿಯು3 ಇಂದ ಶುರುವಾಗುವ ಕಾಲ್‌ಸೈನ್ ಬಂತು. ಲೈಸೆನ್ಸ್ ಕೈಗೆ ಬರುವ ತನಕ ತಿಂಗಳುಗಟ್ಟಲೆ ಬರೀ ಕೇಳಿಸಿಕೊಂಡೆ. ಆ ಕೇಳಿಸಿಕೊಂಡದ್ದೇ ನನಗೆ ದೊಡ್ಡ ಪಾಠವಾಯಿತು, ಯಾರು ಯಾವಾಗ ಮಾತು ಬಿಡುತ್ತಾರೆ, ಹೇಗೆ ಕರೆಯುತ್ತಾರೆ ಎಲ್ಲ ಅಲ್ಲೇ ಕಲಿತೆ.

ನನಗೆ ದಾರಿ ತೋರಿಸಿದವರು ಚಿತ್ರದುರ್ಗದ ಒಬ್ಬ ನಿವೃತ್ತ ಮೇಷ್ಟ್ರು. ಹಳೆಯ ಹ್ಯಾಮ್, ಅಂದರೆ ಈ ಹವ್ಯಾಸದಲ್ಲಿ ಪಳಗಿದವರು. "ತಮ್ಮಾ, ಕಂಪನಿ ಸೆಟ್ ತಗೋ. ಅದು ಬೆಳಗ್ಗೆಯಿಂದ ರಾತ್ರಿ ತನಕ ಕೂಲಿ ಮಾಡೋಕೆ ಹುಟ್ಟಿದ್ದು" ಅಂದರು. ಆ ಮಾತು ನಿಜ. ಈ ಸೆಟ್‌ಗಳು ಕಾರ್ಖಾನೆ, ಕ್ವಾರಿ, ಲಾರಿಗಳಲ್ಲಿ ಧೂಳು ತಿಂದು ಬಿದ್ದು ಎದ್ದು ಬದುಕುವ ಹಾಗೆ ಮಾಡಿದವು. ಸ್ಪೀಕರಿನ ದನಿ ಗಟ್ಟಿ. ಪಕ್ಕದಲ್ಲೇ ದೊಡ್ಡ ಟವರ್ ಇದ್ದರೂ ರಿಸೀವರ್ ಗಲಿಬಿಲಿ ಆಗುವುದು ಕಡಿಮೆ. ಕೊರತೆಯೂ ಇದೆ. ಹ್ಯಾಮ್ ಸೆಟ್ಟಿನ ಹಾಗೆ ಗುಂಡಿ ತಿರುಗಿಸಿ ಫ್ರೀಕ್ವೆನ್ಸಿ ಹುಡುಕಲು ಆಗುವುದಿಲ್ಲ. ಕಂಪ್ಯೂಟರಿಗೆ ಜೋಡಿಸಿ ಮೊದಲೇ ಏನು ತುಂಬಿರುತ್ತೀರೋ ಅದಷ್ಟೇ.

ಮೊದಲ ಸೆಟ್ ಮೋಟೊರೋಲಾ ಜಿಎಂ300. ಗಾಡಿಯಲ್ಲಿ ಕೂರಿಸುವ, 25 ವ್ಯಾಟಿನ ಹಳೆಯ ಸೆಟ್. ಲೈಸೆನ್ಸ್ ಇದ್ದ ಇನ್ನೊಬ್ಬ ಹ್ಯಾಮ್ ಹತ್ತಿರ ಕೊಂಡೆ. ಇಲ್ಲಿಯೇ ನಾನು ತಪ್ಪು ಮಾಡಿದ್ದು. ನಮಗೆ ಬೇಕಾದ ಫ್ರೀಕ್ವೆನ್ಸಿ ಪಟ್ಟಿಯಾದ ವಿಎಚ್‌ಎಫ್‌ನದಾ ಅಂತ ಕೇಳಿದೆ, ಹೌದು ಅಂದರು, ತಂದುಬಿಟ್ಟೆ. ವಿಎಚ್‌ಎಫ್‌ನಲ್ಲೂ ಈ ಸೆಟ್ ಎರಡು ಬಗೆ ಬರುತ್ತದೆ ಅಂತ ನನಗೆ ಗೊತ್ತಿರಲಿಲ್ಲ. ಒಂದು 136ರಿಂದ 162 ಮೆಗಾಹರ್ಟ್ಸ್, ಇನ್ನೊಂದು 146ರಿಂದ 174. ನಮ್ಮ ದೇಶದಲ್ಲಿ ಹ್ಯಾಮ್‌ಗಳಿಗೆ ಈ ಭಾಗದಲ್ಲಿ ಇರುವುದು 144ರಿಂದ 146. ನನಗೆ ಸಿಕ್ಕಿದ್ದು ಎರಡನೆಯದು. ನಮ್ಮ ಬ್ಯಾಂಡ್ ಎಲ್ಲಿ ಮುಗಿಯುತ್ತದೋ ಅಲ್ಲಿಂದ ಆ ಸೆಟ್ ಶುರು! ಕೊಳ್ಳುವ ಮೊದಲು ಹಿಂದಿನ ಲೇಬಲ್ಲಿನ ಮಾಡೆಲ್ ನಂಬರ್ ಓದಿ, ಅದರಲ್ಲಿ ಬ್ಯಾಂಡ್ ಯಾವುದು ಅಂತ ಗೊತ್ತಾಗುತ್ತದೆ. ಫೋಟೋ ಕಳಿಸಿ ಅಂತ ಕೇಳಿದರೆ ಸಾಕಿತ್ತು, ನಾನು ಕೇಳಲಿಲ್ಲ.

ಪ್ರೋಗ್ರಾಮ್ ಮಾಡುವುದು ಇನ್ನೊಂದು ಕಥೆ. ಜಿಎಂ300ರ ಸಾಫ್ಟ್‌ವೇರ್ ವಿಂಡೋಸಿಗಿಂತ ಹಿಂದಿನ ಡಾಸ್ ಕಾಲದ್ದು. ಈಗಿನ ಲ್ಯಾಪ್‌ಟಾಪ್ ಅದಕ್ಕೆ ತೀರಾ ವೇಗ, ಸೆಟ್ಟಿನ ಜೊತೆ ಮಾತೇ ಹೊಂದುವುದಿಲ್ಲ. ಹಳೆಯ ಕಂಪ್ಯೂಟರ್ ಬೇಕು, ಅದಕ್ಕೆ ನಿಜವಾದ ಸೀರಿಯಲ್ ಪೋರ್ಟ್ ಇರಬೇಕು, ನಡುವೆ ರಿಬ್ ಅನ್ನುವ ಒಂದು ಪುಟ್ಟ ಡಬ್ಬಿ ಬೇಕು. ಮೈಕ್ ಚುಚ್ಚುವ ತೂತಿಗೇ ಅದರ ವೈರ್ ಬರುತ್ತದೆ. ನನ್ನ ಅಂಗಡಿಯ ಅಟ್ಟದ ಮೇಲೆ ಬಿಲ್ ಹಾಕಲು ಇಟ್ಟಿದ್ದ ಹಳೆಯ ಕಂಪ್ಯೂಟರ್ ಬಿದ್ದಿತ್ತು. ಅದನ್ನು ಇಳಿಸಿ ಧೂಳು ಊದಿ ಸ್ಟಾರ್ಟ್ ಮಾಡಿದರೆ ಆಯಿತು. ರಿಬ್ ಮೇಷ್ಟ್ರು ಕೊಟ್ಟರು.

145.500 ಅಂತ ಟೈಪ್ ಮಾಡಿದೆ. ಸಾಫ್ಟ್‌ವೇರ್ ಒಪ್ಪಲಿಲ್ಲ. ಫೋನ್ ಮಾಡಿದಾಗ ಮೇಷ್ಟ್ರು, "ಶಿಫ್ಟ್ ಕೀ ಒತ್ತಿ ಹಿಡಕೊಂಡು ಅಂಕಿ ಹೊಡಿ" ಅಂದರು. ಹೊಡೆದೆ, ಹತ್ತಿತು. ಆದರೆ ಅಂಕಿ ಹತ್ತಿದ ಮಾತ್ರಕ್ಕೆ ಸೆಟ್ ಅಲ್ಲಿ ಕೆಲಸ ಮಾಡುತ್ತದೆ ಅಂತಲ್ಲ. ಆಂಟೆನಾ ಬದಲು ಶಕ್ತಿಯನ್ನು ತಾನೇ ನುಂಗುವ ಡಮ್ಮಿ ಲೋಡ್ ಹಾಕಿ, ಪವರ್ ಮೀಟರ್ ಇಟ್ಟು, ಪಕ್ಕದಲ್ಲಿ ಇನ್ನೊಂದು ಸೆಟ್ಟಿನಲ್ಲಿ ಕೇಳಿ ನೋಡಿದೆ. ಅರ್ಧ ಮೆಗಾಹರ್ಟ್ಸ್ ಅಷ್ಟೇ ಕೆಳಗೆ ಹೋಗಿದ್ದರಿಂದ ಸರಿಯಾಗಿ ನಿಂತಿತು. ಇನ್ನೂ ಕೆಳಗೆ, 144ರ ಹತ್ತಿರ ನಾನು ಹೋಗಿಲ್ಲ, ಹೋಗಬೇಕಾಗಿಯೂ ಇಲ್ಲ.

ಒಂದು ಮುಖ್ಯ ಮಾತು. ಸೆಟ್ ಓದಿದಾಗ ಅದರೊಳಗೆ ಹಳೆಯ ಮಾಲೀಕರ ಎಂಟೂ ಚಾನೆಲ್ ಹಾಗೇ ಇದ್ದವು. ಅವು ಯಾವುದೋ ಕಂಪನಿಗೆ ಸರ್ಕಾರ ಕೊಟ್ಟ ಫ್ರೀಕ್ವೆನ್ಸಿ. ಅಲ್ಲಿ ಈಗಲೂ ಯಾರಾದರೂ ಕೆಲಸ ಮಾಡುತ್ತಿರಬಹುದು. ಗೊತ್ತಿಲ್ಲದೆ ಮೈಕ್ ಒತ್ತಿದರೂ ಅದು ಅಪರಾಧವೇ. ನಾನು ಮೊದಲು ಇಡೀ ಫೈಲನ್ನು ಕಂಪ್ಯೂಟರಿಗೆ ಉಳಿಸಿಕೊಂಡೆ, ಏಕೆಂದರೆ ಅದರಲ್ಲಿ ಸೆಟ್ಟಿನ ಟ್ಯೂನಿಂಗ್ ಲೆಕ್ಕವೂ ಇರುತ್ತದೆ. ಆಮೇಲೆ ಎಲ್ಲ ಚಾನೆಲ್ ಅಳಿಸಿ ನಮ್ಮವನ್ನು ತುಂಬಿದೆ. ಒಂದನ್ನೂ ಉಳಿಸಬೇಡಿ, ಬರೀ ಕೇಳೋಕೆ ಅಂತಲೂ ಬೇಡ.

ಕೈಸೆಟ್ ಆಗಿ ಜಿಪಿ328 ತಗೊಂಡೆ. ಇದು 136ರಿಂದ 174ರ ತನಕ ಪೂರ್ತಿ ಬರುವ ಮಾಡೆಲ್, 5 ವ್ಯಾಟ್, 16 ಚಾನೆಲ್, ಸ್ಕ್ರೀನ್ ಇಲ್ಲ. ಇದರ ಸಾಫ್ಟ್‌ವೇರ್ ವಿಂಡೋಸಿನದು, ಹಾಗಾಗಿ ಕಷ್ಟವಿಲ್ಲ. ಆದರೂ ಮೊದಲ ವಾರ ಯಾರ ದನಿಯೂ ಕೇಳಲಿಲ್ಲ. ಸದ್ದೇ ಇಲ್ಲ. ಸೆಟ್ ಸತ್ತಿದೆ ಅಂದುಕೊಂಡು ಬಿಚ್ಚಲು ಸ್ಕ್ರೂಡ್ರೈವರ್ ಹಿಡಿದಿದ್ದೆ. ಆಮೇಲೆ ನೋಡಿದರೆ ರಿಸೀವ್ ಕಡೆ ಹಳೆಯ ಟೋನ್ ಉಳಿದುಬಿಟ್ಟಿತ್ತು. ಅಂದರೆ ಎದುರಿನ ಸೆಟ್ ತನ್ನ ದನಿಯ ಅಡಿಯಲ್ಲಿ ಒಂದು ಸಣ್ಣ ಗುಂಯ್ ಸದ್ದು ಕಳಿಸಿದರೆ ಮಾತ್ರ ನನ್ನ ಸೆಟ್ ಬಾಯಿ ಬಿಡುತ್ತದೆ. ರಿಸೀವ್ ಟೋನ್ ತೆಗೆದೆ. ರಿಪೀಟರ್ (ನಮ್ಮ ದನಿ ಹಿಡಿದು ದೂರಕ್ಕೆ ಮತ್ತೆ ಬಿಡುವ ಸೆಟ್) ಕೇಳುವ ಟೋನನ್ನು ಟ್ರಾನ್ಸ್‌ಮಿಟ್ ಕಡೆ ಮಾತ್ರ ಇಟ್ಟೆ. ತಕ್ಷಣ ಜನರ ದನಿ ಕೇಳಿಸಿತು.

ಇನ್ನೊಂದು ದೂರು ಬಂತು: "ನಿಮ್ಮ ದನಿ ಬಾವಿಯೊಳಗಿಂದ ಬಂದ ಹಾಗೆ ಸಣ್ಣಗಿದೆ." ಕಾರಣ, ಕಂಪನಿಯವರು ಚಾನೆಲ್ ಅಗಲವನ್ನು 12.5 ಕಿಲೋಹರ್ಟ್ಸ್‌ಗೆ ಇಟ್ಟಿದ್ದರು, ನಮ್ಮ ಬಳಗ 25ರಲ್ಲಿ ಮಾತಾಡುತ್ತದೆ. ಅದನ್ನು ಬದಲಿಸಿದ್ದೇ ದನಿ ತುಂಬಿಕೊಂಡಿತು. ಮೈಕ್ ಬಿಟ್ಟಾಗಲೆಲ್ಲ ಕೀಂಯ್ ಅಂತ ಬರುತ್ತಿದ್ದ, ಯಾವ ಸೆಟ್ ಅಂತ ಗುರುತು ಹೇಳುವ ಐಡಿ ಸದ್ದನ್ನೂ ತೆಗೆದೆ. ಆದರೆ ಟೈಮ್ ಔಟ್ ಇದೆಯಲ್ಲ, ಅದನ್ನು ತೆಗೆಯಲಿಲ್ಲ. 60 ಸೆಕೆಂಡ್ ಆದಮೇಲೆ ಸೆಟ್ ತಾನೇ ಕತ್ತರಿಸುತ್ತದೆ. ಮೈಕ್ ಮೇಲೆ ಏನೋ ಬಿದ್ದು ಬಟನ್ ಒತ್ತಿಕೊಂಡರೆ ಇಡೀ ಚಾನೆಲ್ ಕೆಡದ ಹಾಗೆ ಅದು ಕಾಪಾಡುತ್ತದೆ.

ಈಗ ಆಂಟೆನಾ. ಸೆಟ್ಟಿಗಿಂತ ಜಾಸ್ತಿ ಸಮಯ ಇದಕ್ಕೇ ಕೊಡಿ. ಮೊದಲು ನಾನು ಅಂಗಡಿಯ ಒಳಗೆ ಗಾಡಿ ಆಂಟೆನಾ ಇಟ್ಟು ಕೂತಿದ್ದೆ, ಪಕ್ಕದ ಬಾತಿ ಊರು ದಾಟಿ ಯಾರೂ ಸಿಗಲಿಲ್ಲ. ಆಮೇಲೆ ಹಿತ್ತಾಳೆ ಬ್ರೇಜಿಂಗ್ ಕಡ್ಡಿ ಐದು ತಂದು ಗ್ರೌಂಡ್ ಪ್ಲೇನ್ ಅನ್ನುವ ಆಂಟೆನಾ ಮಾಡಿದೆ. ಒಂದು ಎಸ್‌ಒ239 ಸಾಕೆಟ್. ನಡುವೆ ನೆಟ್ಟಗೆ ಒಂದು ಕಡ್ಡಿ, ಸುಮಾರು 49 ಸೆಂಟಿಮೀಟರ್. ನಾಲ್ಕು ಮೂಲೆಗೆ ನಾಲ್ಕು ಕಡ್ಡಿ, ಸ್ವಲ್ಪ ಉದ್ದ, 52ರಷ್ಟು, ಕೊಡೆಯ ಕಡ್ಡಿಗಳ ಹಾಗೆ 45 ಡಿಗ್ರಿ ಕೆಳಕ್ಕೆ ಬಾಗಿಸಿದ್ದು. ಲೆಕ್ಕ ಸುಲಭ. 300ನ್ನು ಮೆಗಾಹರ್ಟ್ಸ್‌ನಿಂದ ಭಾಗಿಸಿದರೆ ಅಲೆಯ ಉದ್ದ ಮೀಟರಿನಲ್ಲಿ ಸಿಗುತ್ತದೆ, ಅದರ ಕಾಲು ಭಾಗ ತಗೊಂಡು ನೂರಕ್ಕೆ ಐದರಷ್ಟು ಕಡಿಮೆ ಮಾಡಿ. ಶುರುವಿಗೆ ಉದ್ದ ಬಿಟ್ಟಿದ್ದೆ, ಎಸ್‌ಡಬ್ಲ್ಯೂಆರ್ (ಆಂಟೆನಾ ಎಷ್ಟು ಹೊಂದಿದೆ ಎಂಬ ಅಳತೆ, 1 ಅಂದರೆ ಪೂರ್ತಿ ಸರಿ) 2ರ ಮೇಲಿತ್ತು. ಅರ್ಧ ಸೆಂಟಿಮೀಟರ್ ಕತ್ತರಿಸುವುದು, ಮೀಟರ್ ನೋಡುವುದು, ಮತ್ತೆ ಕತ್ತರಿಸುವುದು, ಹೀಗೆ 1.2ಕ್ಕೆ ಇಳಿಸಿದೆ. ಜಾಸ್ತಿ ಕತ್ತರಿಸಿದರೆ ಮತ್ತೆ ಜೋಡಿಸಲು ಬಾರದು, ಅದಕ್ಕೇ ಅವಸರ ಬೇಡ.

ಕೇಬಲ್ ಬಗ್ಗೆ ಜಿಪುಣತನ ಬೇಡ. ಮಹಡಿಯಿಂದ ಕೆಳಗೆ ನನಗೆ 15 ಮೀಟರ್ ಬೇಕಾಯಿತು. ಮೊದಲು ಸಣ್ಣ ಆರ್‌ಜಿ58 ಎಳೆದಿದ್ದೆ. 145 ಮೆಗಾಹರ್ಟ್ಸ್‌ನಲ್ಲಿ ಆ ಉದ್ದಕ್ಕೆ ಹೆಚ್ಚುಕಡಿಮೆ ಅರ್ಧ ಶಕ್ತಿ ಕೇಬಲ್ಲಿನಲ್ಲೇ ಹೋಗುತ್ತದೆ. 25 ವ್ಯಾಟ್ ಹಾಕಿದರೆ ಮೇಲೆ ಮುಟ್ಟುವುದು 12 ಚಿಲ್ಲರೆ. ಕೇಳುವಾಗಲೂ ಅಷ್ಟೇ ನಷ್ಟ. ದಪ್ಪ ಆರ್‌ಜಿ213 ಹಾಕಿದ ಮೇಲೆ ಮುಕ್ಕಾಲು ಭಾಗ ಮೇಲೆ ಹೋಗುತ್ತಿದೆ. ಕನೆಕ್ಟರಿಗೆ ಸ್ವಯಂ ಅಂಟುವ ರಬ್ಬರ್ ಟೇಪ್ ಸುತ್ತಿ, ಇಲ್ಲದಿದ್ದರೆ ಒಂದೇ ಮಳೆಗೆ ನೀರು ಒಳಗೆ ಇಳಿಯುತ್ತದೆ. ಏಪ್ರಿಲ್ ಮೇನಲ್ಲಿ ಸಂಜೆ ಗುಡುಗು ಶುರುವಾದರೆ ನಾನು ಕೇಬಲ್ ಕಿತ್ತು ಕಿಟಕಿಯ ಹೊರಗೆ ಹಾಕಿಬಿಡುತ್ತೇನೆ.

ಕರೆಂಟಿಗೆ 13.8 ವೋಲ್ಟ್ ಪವರ್ ಸಪ್ಲೈ. ಮಾತಾಡುವಾಗ ಸೆಟ್ 6-7 ಆಂಪ್ ಎಳೆಯುತ್ತದೆ, ಹಾಗಾಗಿ 10 ಆಂಪಿನದು ಇಟ್ಟೆ. ಕರೆಂಟ್ ಹೋದಾಗ ಏನು ಮಾಡೋದು? ಮನೆಯಲ್ಲಿ ಹೇಗೂ ಇನ್ವರ್ಟರ್ ಬ್ಯಾಟರಿ ಇದೆಯಲ್ವಾ, 12 ವೋಲ್ಟ್, 150 ಎಎಚ್. ಬ್ಯಾಟರಿಯ ಬಾಯಿಂದಲೇ ನೇರವಾಗಿ ದಪ್ಪ ವೈರ್ ತೆಗೆದು, ಬ್ಯಾಟರಿಗೆ ಅಂಟಿಕೊಂಡ ಹಾಗೆ ಫ್ಯೂಸ್ ಹಾಕಿ ಸೆಟ್ಟಿಗೆ ಕೊಟ್ಟೆ. ಫ್ಯೂಸ್ ಸೆಟ್ಟಿನ ಹತ್ತಿರ ಇಟ್ಟರೆ ನಡುವೆ ವೈರ್ ಉಜ್ಜಿ ಶಾರ್ಟ್ ಆದಾಗ ಬೆಂಕಿಯೇ. ವೈಂಡಿಂಗ್ ಕೆಲಸದವನಾಗಿ ಇದನ್ನು ಎಷ್ಟು ಸಲ ಹೇಳಿದರೂ ಸಾಲದು. ಬ್ಯಾಟರಿ ಚಾರ್ಜ್ ಆಗುವಾಗ ದನಿಯಲ್ಲಿ ಗುಂಯ್ ಅಂತ ಬರುತ್ತದೆ, ಆಗ ಪವರ್ ಸಪ್ಲೈಗೆ ಬದಲಿಸುತ್ತೇನೆ.

ಇಷ್ಟಾದರೂ ಮೇಷ್ಟ್ರ ಮನೆ ಸಿಗಲಿಲ್ಲ. ದುರ್ಗ ಇಲ್ಲಿಂದ ಸುಮಾರು 60 ಕಿಲೋಮೀಟರ್. ಈ ಅಲೆಗಳು ಕಣ್ಣು ಕಾಣುವ ನೇರಕ್ಕಿಂತ ಸ್ವಲ್ಪ ಮುಂದೆ ಹೋಗುತ್ತವೆ ಅಷ್ಟೇ. ಆಂಟೆನಾ ಎತ್ತರದ ವರ್ಗಮೂಲವನ್ನು 4.1ರಿಂದ ಗುಣಿಸಿದರೆ ಎಷ್ಟು ಕಿಲೋಮೀಟರ್ ಅಂತ ಸಿಗುತ್ತದೆ. ನನ್ನದು ನೆಲದಿಂದ 12 ಮೀಟರ್, ಅಂದರೆ 14 ಕಿಲೋಮೀಟರ್. ಅವರದೂ ಅಷ್ಟೇ. ಎರಡೂ ಕೂಡಿದರೆ 28. ವ್ಯಾಟ್ ಎಷ್ಟು ಏರಿಸಿದರೂ ಈ ಲೆಕ್ಕ ಬದಲಾಗದು. ಬೇಕಾಗಿದ್ದು ಎತ್ತರ, ಎತ್ತರ ಬೇಕೆಂದರೆ ದುರ್ಗದವರಿಗೆ ಜೋಗಿಮಟ್ಟಿ ಬೆಟ್ಟ ಇದೆ. ಸುತ್ತಲ ಬಯಲಿಗಿಂತ 400 ಮೀಟರ್ ಮೇಲೆ ಅಂತ ಹಿಡಿದರೂ ಅಲ್ಲಿಂದ 82 ಕಿಲೋಮೀಟರ್ ಆಗುತ್ತದೆ.

ಒಂದು ಭಾನುವಾರ ಮೇಷ್ಟ್ರು ಜಿಪಿ328 ಹಿಡಿದು ಹತ್ತಿದರು. ಅದು ಅರಣ್ಯ ಇಲಾಖೆಯ ಜಾಗ, ಗೇಟಿನಲ್ಲಿ ಕೇಳಿಯೇ ಹೋದರು. ನಾನು ಅಂಗಡಿ ಬಾಗಿಲು ಅರ್ಧ ಎಳೆದು ಸೆಟ್ ಮುಂದೆ ಕೂತೆ. ಎಂಟೂವರೆಗೆ ಕರೆದೆ, ಇಲ್ಲ. ಮತ್ತೆ ಕರೆದೆ, ಇಲ್ಲ. ಒಂಬತ್ತಾಗುವ ಹೊತ್ತಿಗೆ ಗಾಳಿಯ ಬುಸ್ ಸದ್ದಿನ ಜೊತೆ ಅವರ ಕಾಲ್‌ಸೈನ್, ಹಿಂದೆಯೇ "ತಮ್ಮಾ, ಕೇಳಿಸ್ತಿದೆಯಾ?" ಅಂತ. ಐದು ವ್ಯಾಟಿನ ಕೈಸೆಟ್, ಒಂದು ಗೇಣಿನ ರಬ್ಬರ್ ಆಂಟೆನಾ, ನಡುವೆ ಫೋನಿಲ್ಲ, ಟವರಿಲ್ಲ, ತಂತಿಯಿಲ್ಲ. ಪಕ್ಕದಲ್ಲೇ ಕೂತು ಮಾತಾಡಿದ ಹಾಗಿತ್ತು. ಗಾಳಿಯಂತ್ರಗಳು ತಿರುಗುತ್ತಿರುವುದನ್ನು, ಕೋಟೆಯ ಬಂಡೆಗಳು ಕೆಳಗೆ ಕಾಣುವುದನ್ನು ಅವರು ಹೇಳುತ್ತಾ ಹೋದರು. ನನಗೆ ಗಂಟಲು ಕಟ್ಟಿ ಎರಡು ಸಲ ಉತ್ತರ ಕೊಡಲು ತಡವಾಯಿತು. ನನ್ನ ದನಿ ಅವರಿಗೆ ಐದು-ಒಂಬತ್ತು, ಅವರದು ನನಗೆ ಐದು-ಏಳು; ಮೊದಲ ಅಂಕಿ ಸ್ಪಷ್ಟತೆಗೆ (ಐದೇ ಗರಿಷ್ಠ), ಎರಡನೆಯದು ಸಿಗ್ನಲ್ ಬಲಕ್ಕೆ (ಒಂಬತ್ತು ಗರಿಷ್ಠ). ಲಾಗ್ ಪುಸ್ತಕದಲ್ಲಿ ಆ ಸಾಲಿನ ಕೆಳಗೆ ಕೆಂಪು ಗೆರೆ ಎಳೆದಿದ್ದೇನೆ.

ಸುದ್ದಿ ಕೇಳಿ ಚನ್ನಗಿರಿಯಿಂದ ಬಾಮೈದ ಬಂದ. "ಭಾವ, ನಮ್ಮ ಅಡಿಕೆ ತೋಟಕ್ಕೂ ಎರಡು ಕೊಡಿ, ಕೊಯ್ಲಿನವರ ಜೊತೆ ಮಾತಾಡೋಕೆ." ಆಗಲ್ಲ ಅಂದೆ. ಬೇಜಾರು ಮಾಡಿಕೊಂಡ. ಹ್ಯಾಮ್ ಫ್ರೀಕ್ವೆನ್ಸಿಯಲ್ಲಿ ವ್ಯಾಪಾರದ ಮಾತು ಸಲ್ಲದು, ಲೈಸೆನ್ಸ್ ಇಲ್ಲದವರು ಮೈಕ್ ಒತ್ತುವಂತೆಯೂ ಇಲ್ಲ. ತೋಟಕ್ಕಾದರೆ 446.0ರಿಂದ 446.2 ಮೆಗಾಹರ್ಟ್ಸ್‌ನಲ್ಲಿ ಕೆಲಸ ಮಾಡುವ, ಲೈಸೆನ್ಸ್ ಬೇಡದ ಸಣ್ಣ ಶಕ್ತಿಯ ಸೆಟ್ ಇವೆ, ಸರ್ಕಾರದ ಒಪ್ಪಿಗೆ ಇರುವುದನ್ನೇ ನೋಡಿ ತಗೋ ಅಂತ ಹೇಳಿ ಕಳಿಸಿದೆ.

ಮುಂದಿನ ಭಾನುವಾರ ಅವನು ಮತ್ತೆ ಬಂದ. ಸುಮ್ನೆ ಸ್ಟೂಲ್ ಎಳೆದುಕೊಂಡು ಸೆಟ್ ಪಕ್ಕ ಕೂತು ಮೇಷ್ಟ್ರ ಮಾತು ಕೇಳಿದ. ಹೋಗುವಾಗ ನನ್ನ ಹಳೆಯ ಪರೀಕ್ಷೆ ನೋಟ್ಸ್ ಚೀಲಕ್ಕೆ ಹಾಕಿಕೊಂಡ. ಈಗ ಪ್ರತಿ ಭಾನುವಾರ ಬೆಳಗ್ಗೆ ಮೇಷ್ಟ್ರು ಮೊದಲು ಕೇಳುವುದೇ ಅದು: "ಹುಡುಗ ಎಷ್ಟನೇ ಪಾಠಕ್ಕೆ ಬಂದ?"