ವೇಟ್ ಲಾಸ್ ಪ್ರೋಗ್ರಾಂಗೆ ದುಡ್ಡು ಕಟ್ಟೋಕೆ ಮುಂಚೆ ಇಷ್ಟು ನೋಡ್ಕೊಳ್ಳಿ

ಮಂಡ್ಯದಿಂದ ನಮ್ಮತ್ತಿಗೆ ಫೋನ್ ಮಾಡಿದ್ರು, ಮೂರು ತಿಂಗಳ ಪ್ಯಾಕೇಜ್ ಅಂತೆ, ಈ ವಾರ ಸೇರಿದ್ರೆ ಅರ್ಧ ರೇಟಂತೆ, ಸೇರ್ಲಾ ಬೇಡ್ವಾ ಅಂತ. ತಡೀರಿ ಅತ್ತಿಗೆ, ಒಂದು ವಾರ ಬಿಟ್ಟು ಹೇಳ್ತೀನಿ ಅಂದ್ಬಿಡಿ ಅಂದೆ. ಅವ್ರಿಗೆ ಹೇಳಿದ್ದನ್ನೇ ಇಲ್ಲೂ ಹಾಕ್ತಿದೀನಿ.

ಮೊದ್ಲು ನಿಮಗೆ ತೂಕ ಇಳಿಸೋ ಅಗತ್ಯ ಎಷ್ಟಿದೆ ನೋಡ್ಕೊಳ್ಳಿ. ಬಿಎಂಐ ಅಂದ್ರೆ ಕೆಜಿ ತೂಕನ ಮೀಟರ್ ಲೆಕ್ಕದ ಎತ್ತರದಿಂದ ಎರಡು ಸಲ ಭಾಗಿಸೋದು. ನಮ್ಮ ಇಂಡಿಯಾದವ್ರಿಗೆ 23 ದಾಟಿದ್ರೆ ತೂಕ ಜಾಸ್ತಿ, 25 ದಾಟಿದ್ರೆ ಬೊಜ್ಜು ಅಂತ ಲೆಕ್ಕ. ಅದಕ್ಕಿಂತ ಟೈಲರ್ ಟೇಪ್ ತಗೊಂಡು ಸೊಂಟದ ಸುತ್ತಳತೆ ನೋಡೋದು ನನಗೆ ಇನ್ನೂ ಮುಖ್ಯ ಅನ್ಸುತ್ತೆ, ಹೆಂಗಸರಿಗೆ 80 ಸೆಂಟಿಮೀಟರ್, ಗಂಡಸರಿಗೆ 90, ಅದರ ಮೇಲೆ ಹೋದ್ರೆ ಶುಗರ್ ಬಿಪಿ ರಿಸ್ಕ್ ಜಾಸ್ತಿ. 70 ಕೆಜಿ ಇರೋರು ಮೂರೂವರೆ ಕೆಜಿ ಇಳಿಸಿದ್ರೂ, ಅಂದ್ರೆ ಬರೀ 5 ಪರ್ಸೆಂಟ್, ಅಷ್ಟಕ್ಕೇ ಶುಗರ್ ಬಿಪಿಲಿ ವ್ಯತ್ಯಾಸ ಕಾಣುತ್ತೆ, 20 ಕೆಜಿ ಇಳಿಸಿದ್ರೇನೇ ಪ್ರಯೋಜನ ಅಂತೇನಿಲ್ಲ.

ಆಮೇಲೆ ಡಾಕ್ಟರ್. ಇದನ್ನ ಮಾತ್ರ ಬಿಡಬೇಡಿ. ಥೈರಾಯ್ಡ್, ಶುಗರ್ ಟೆಸ್ಟ್ ಮಾಡಿಸಿ, ಮೈಸೂರಲ್ಲಿ ಕೆ.ಆರ್. ಆಸ್ಪತ್ರೆ ಇದೆ, ಮಂಡ್ಯದಲ್ಲಿ ಮಿಮ್ಸ್ ಇದೆ, ಇಲ್ಲಾ ನಿಮ್ಮ ಮಾಮೂಲಿ ಡಾಕ್ಟರ್ ಆದ್ರೂ ಸರಿ. ಶುಗರ್ ಮಾತ್ರೆ ಅಥವಾ ಇನ್ಸುಲಿನ್ ತಗೊಳ್ಳೋರು ಯಾರದೋ ಚಾರ್ಟ್ ನೋಡ್ಕೊಂಡು ದಿಢೀರಂತ ಊಟ ಕಮ್ಮಿ ಮಾಡಿದ್ರೆ ಶುಗರ್ ಲೋ ಆಗಿ ತಲೆ ಸುತ್ತಿ ಬೀಳೋ ಅಪಾಯ ಇದೆ. ಬಸುರಿ, ಬಾಣಂತಿಯರು ಇಂಥದ್ದಕ್ಕೆ ಸೇರಲೇಬೇಡಿ.

ಈಗ ಪ್ರೋಗ್ರಾಂ ವಿಷಯ. ತಿಂಗಳಿಗೆ 10 ಕೆಜಿ ಗ್ಯಾರಂಟಿ ಅಂತ ಬೋರ್ಡ್ ಹಾಕಿದ್ರೆ ಒಳಗೂ ಹೋಗ್ಬೇಡಿ. ಐಸಿಎಂಆರ್ (ಕೇಂದ್ರ ಸರ್ಕಾರದ ವೈದ್ಯಕೀಯ ಸಂಶೋಧನಾ ಮಂಡಳಿ) ನವರ ಹೈದರಾಬಾದ್ ಪೋಷಣೆ ಸಂಸ್ಥೆ 2024ರಲ್ಲಿ ಕೊಟ್ಟ ಆಹಾರ ಸೂಚನೆಯಲ್ಲಿ ವಾರಕ್ಕೆ ಅರ್ಧ ಕೆಜಿ ಇಳಿಯೋದು ಸೇಫ್, ದಿನಕ್ಕೆ 1000 ಕ್ಯಾಲೊರಿಗಿಂತ ಕೆಳಗೆ ಹೋಗಬಾರದು ಅಂತ ಇದೆ. ಮೊದಲ ವಾರ ಎರಡು ಮೂರು ಕೆಜಿ ಇಳೀತು ಅಂತ ತೋರಿಸ್ತಾರಲ್ಲ, ಅದರಲ್ಲಿ ಬಹುಪಾಲು ನೀರು, ಮೈಯಲ್ಲಿ ಕೂಡಿಟ್ಟ ಸಕ್ಕರೆ ಅಂಶ ಖರ್ಚಾದಾಗ ಅದು ಹಿಡ್ಕೊಂಡಿದ್ದ ನೀರೂ ಹೋಗುತ್ತೆ ಅಷ್ಟೇ, ಕೊಬ್ಬು ಕರಗಿದ್ದು ಸ್ವಲ್ಪಾನೇ.

ನಾನೇ ಎರಡು ವರ್ಷದ ಹಿಂದೆ ಮೈಸೂರಲ್ಲಿ ಒಂದು ಕಡೆ 18 ಸಾವಿರ ಕಟ್ಟಿದ್ದೆ. ರಾತ್ರಿ ಊಟದ ಬದಲು ಅವರ ಪೌಡರ್ ಕಲಸಿದ ಶೇಕ್. ಮೂರು ತಿಂಗಳಲ್ಲಿ 6 ಕೆಜಿ ಇಳೀತು, ಇಳಿದ ಸ್ಪೀಡ್ ಏನೂ ತಪ್ಪಲ್ಲ, ಆದ್ರೆ ಮನೇಲಿ ಎಲ್ರೂ ಮುದ್ದೆ ಬಸ್ಸಾರು ಉಣ್ಣೋವಾಗ ನಾನು ಲೋಟ ಹಿಡ್ಕೊಂಡು ಕೂತಿರ್ತಿದ್ದೆ, ನಮ್ಮ ಊಟಾನೇ ಎಷ್ಟು ಉಣ್ಣಬೇಕು ಹೆಂಗೆ ಉಣ್ಣಬೇಕು ಅಂತ ಒಂದಿನಾನೂ ಯಾರೂ ಹೇಳ್ಕೊಡ್ಲಿಲ್ಲ, ಪೌಡರ್ ನಿಲ್ಲಿಸಿದ ಐದು ತಿಂಗಳಿಗೆ ಅಷ್ಟೂ ವಾಪಸ್ ಬಂತು. ಅದಕ್ಕೇ ಹೇಳ್ತೀನಿ, ದುಡ್ಡು ಕೊಡೋ ಮುಂಚೆ ಕೇಳಬೇಕಾದ ಮೊದಲ ಪ್ರಶ್ನೆ, ಪ್ರೋಗ್ರಾಂ ಮುಗಿದ ಮಾರನೇ ದಿನ ನಾನು ಏನು ತಿನ್ನಬೇಕು? ಮುದ್ದೆ ಸೈಜ್ ಚಿಕ್ಕದು ಮಾಡಿ, ಸೊಪ್ಪು, ಹುರುಳಿಕಾಳು, ಮೊಟ್ಟೆ ಜಾಸ್ತಿ ಮಾಡಿ ಅನ್ನೋ ಥರ ನಮ್ಮ ಅಡುಗೆಮನೆ ಲೆಕ್ಕದಲ್ಲಿ ಹೇಳಿದ್ರೆ ಒಳ್ಳೇದು. ನಮ್ಮ ಪೌಡರ್ ಕಂಟಿನ್ಯೂ ಮಾಡಿ ಅಂದ್ರೆ ಎದ್ದು ಬನ್ನಿ.

ಡಯಟ್ ಬರೆಯೋರು ಏನು ಓದಿದಾರೆ ಕೇಳಿ. ಡಬ್ಬದ ಮೇಲೆ 14 ಅಂಕಿ ಎಫ್ಎಸ್ಎಸ್ಎಐ ನಂಬರ್ ಇದ್ರೆ ಅದು ಆಹಾರ ವ್ಯಾಪಾರದ ಲೈಸೆನ್ಸ್, ತೂಕ ಇಳಿಸುತ್ತೆ ಅನ್ನೋದಕ್ಕೆ ಸಾಕ್ಷಿ ಅಲ್ಲ. ಮಧ್ಯೆ ಬಿಟ್ರೆ ದುಡ್ಡು ವಾಪಸ್ ಎಷ್ಟು ಅಂತ ಬರೆಸ್ಕೊಳ್ಳಿ, ಬಿಲ್ ಇಟ್ಕೊಳ್ಳಿ, ತಕರಾರು ಬಂದ್ರೆ ಗ್ರಾಹಕ ಸಹಾಯವಾಣಿ 1915 ಇದೆ.

ಹಂಗಂತ ಎಲ್ಲಾ ಪ್ರೋಗ್ರಾಂ ವೇಸ್ಟ್ ಅಲ್ಲ. ಒಂಟಿಯಾಗಿ ಆಗಲ್ಲ, ವಾರಕ್ಕೊಂದ್ಸಲ ಯಾರಾದ್ರೂ ಕೇಳೋರು ಬೇಕು ಅನ್ನೋರಿಗೆ ಒಳ್ಳೇ ಡಯಟಿಶಿಯನ್ ಇರೋ ಕಡೆ ನಿಜವಾಗ್ಲೂ ಉಪಯೋಗ ಆಗುತ್ತೆ. ಮೊದ್ಲು ಒಂದು ತಿಂಗಳು ದುಡ್ಡಿಲ್ಲದೆ ನೋಡಿ, ಬೆಳಿಗ್ಗೆ ಕುಕ್ಕರಹಳ್ಳಿ ಕೆರೆ ಸುತ್ತ ನಡೀರಿ, ಕಾಫಿ ಸಕ್ಕರೆ ಬಿಡಿ, ಪ್ರತಿ ಸೋಮವಾರ ತೂಕ ಬರ್ದಿಡಿ. ಆ ಚೀಟಿ ತಗೊಂಡೇ ಸೆಂಟರ್‌ಗೆ ಹೋಗಿ, ಎಲ್ಲಿ ಕಷ್ಟ ಆಯ್ತು ಅಂತ ತೋರಿಸಿ ಕೇಳೋಕಾಗುತ್ತೆ.

ಈಗಾಗ್ಲೇ ಸೇರಿಬಿಟ್ಟಿದ್ದು, ತಲೆಸುತ್ತು, ಎದೆ ಡವಡವ, ಕೂದಲು ಉದುರೋದು ಶುರುವಾಗಿದ್ರೆ ಪ್ಯಾಕೇಜ್ ಮುಗೀಲಿ ಅಂತ ಕಾಯಬೇಡಿ, ಆ ಡಬ್ಬ ತಗೊಂಡೇ ಡಾಕ್ಟರ್ ಹತ್ರ ಹೋಗಿ.