ಮನೆಯಲ್ಲಿ ಬರ್ನ್ ಮಾಡಿದ ಡಿವಿಡಿ ಕೆಲವು ಪ್ಲೇಯರುಗಳಲ್ಲಿ ಮಾತ್ರ ತೊಡಕಾಗುವುದೇಕೆ?

ಮದುವೆಯ ವಿಡಿಯೊವನ್ನು ಡಿವಿಡಿಗೆ ಬರ್ನ್ ಮಾಡಿ ನಾಲ್ಕು ಮನೆಗಳಿಗೆ ಹಂಚಿದರೆ, ಮೂರು ಕಡೆ ಸಲೀಸಾಗಿ ಓಡಿದ ಡಿಸ್ಕ್ ನಾಲ್ಕನೆಯ ಮನೆಯ ಹಳೆಯ ಪ್ಲೇಯರಿನಲ್ಲಿ ಧಾರೆಯವರೆಗೆ ಚೆನ್ನಾಗಿ ಬಂದು, ಊಟದ ಪಂಕ್ತಿಯ ಹೊತ್ತಿಗೆ ಚಿತ್ರ ಚೌಕಚೌಕವಾಗಿ ಒಡೆದು ನಿಂತುಬಿಡುವುದುಂಟು. ಪ್ಲೇಯರನ್ನು ದೂರುವ ಮೊದಲು ಅದು ನಿಂತದ್ದು ಎಲ್ಲಿ ಎಂಬುದನ್ನು ಗುರುತು ಹಾಕಿಕೊಳ್ಳಿ. ಅರ್ಧದಷ್ಟು ಉತ್ತರ ಅಲ್ಲಿಯೇ ಇರುತ್ತದೆ.

ಡಿಸ್ಕ್ ಹಾಕಿದೊಡನೆ ‘ನೋ ಡಿಸ್ಕ್’ ಎಂದು ಬಂದರೆ ಮೂರು ಸಂಗತಿಗಳನ್ನು ನೋಡಬೇಕು. ಕಂಪ್ಯೂಟರಿನಲ್ಲಿ ತೆರೆದಾಗ ‘ವಿಡಿಯೊ_ಟಿಎಸ್’ ಎಂಬ ಫೋಲ್ಡರೂ ಅದರೊಳಗೆ ಐಎಫ್ಒ, ಬಿಯುಪಿ, ವಿಒಬಿ ಫೈಲುಗಳೂ ಕಾಣದೆ ಬರಿಯ ಎಂಪಿ4 ಫೈಲು ಕಂಡರೆ, ಅದು ಡೇಟಾ ಡಿಸ್ಕ್; ಹಳೆಯ ಪ್ಲೇಯರಿಗೆ ಅದು ಅರ್ಥವಾಗುವುದಿಲ್ಲ. ಎರಡನೆಯದು ಫೈನಲೈಸ್ ಮಾಡಲು, ಎಂದರೆ ಬರವಣಿಗೆಯನ್ನು ಮುಗಿಸಿ ಬೇರೆ ಪ್ಲೇಯರುಗಳೂ ಓದುವಂತೆ ಡಿಸ್ಕನ್ನು ಸಿದ್ಧಗೊಳಿಸಲು, ಮರೆತಿರುವುದು. ಟಿವಿಗೆ ಜೋಡಿಸುವ ಡಿವಿಡಿ ರೆಕಾರ್ಡರಿನಲ್ಲಿ ಬರೆದ ಡಿಸ್ಕುಗಳಲ್ಲಿ ಇದು ತೀರ ಸಾಮಾನ್ಯ. ಅದೇ ರೆಕಾರ್ಡರಿಗೆ ಮತ್ತೆ ಹಾಕಿ ಫೈನಲೈಸ್ ಮಾಡಿದರೆ ಸಾಕು. ಮೂರನೆಯದು ಡಿಸ್ಕಿನ ಜಾತಿ. ಮತ್ತೆ ಮತ್ತೆ ಬರೆಯಬಹುದಾದ ಆರ್‌ಡಬ್ಲ್ಯೂ ಡಿಸ್ಕುಗಳು ಲೇಸರ್ ಬೆಳಕಿನ ಶೇ. 18ರಿಂದ 30ರಷ್ಟನ್ನು ಮಾತ್ರ ಹಿಂದಿರುಗಿಸುತ್ತವೆ. ಕಾರ್ಖಾನೆಯಲ್ಲಿ ಅಚ್ಚಾದ ಒಂದು ಪದರದ ಡಿಸ್ಕಿನಲ್ಲಿ ಇದು ಕನಿಷ್ಠ ಶೇ. 45. ಅಷ್ಟು ಮಂದ ಬೆಳಕನ್ನು ಓದಲು ಹಳೆಯ ಪ್ಲೇಯರಿಗೆ ಆಗದಿರಬಹುದು. ಹಂಚುವುದಕ್ಕೆ ಒಮ್ಮೆ ಮಾತ್ರ ಬರೆಯಬಹುದಾದ ಡಿವಿಡಿ ಮೈನಸ್ ಆರ್ ಡಿಸ್ಕನ್ನೇ ಆರಿಸಿಕೊಳ್ಳುವುದು ಕ್ಷೇಮ. ಪ್ಲಸ್ ಆರ್ ಮಾತ್ರ ಕೈಯಲ್ಲಿದ್ದರೆ, ನಿಮ್ಮ ಬರ್ನರ್ ಒಪ್ಪುವುದಾದಲ್ಲಿ ಡಿಸ್ಕಿನ ‘ಬುಕ್ ಟೈಪ್’ ಅನ್ನು (ಇದು ಯಾವ ಜಾತಿಯ ಡಿಸ್ಕ್ ಎಂದು ಪ್ಲೇಯರಿಗೆ ತಿಳಿಸುವ ಗುರುತು) ಡಿವಿಡಿ ರೋಮ್ (DVD-ROM) ಎಂದು ಬದಲಿಸಿ ಬರೆಯಿರಿ.

ಆರಂಭದಲ್ಲಿ ಓಡಿ ಕೊನೆಯಲ್ಲಿ ನಿಲ್ಲುವ ಡಿಸ್ಕಿನ ಕಥೆ ಬೇರೆ. ಒಂದು ಪದರದ ಡಿವಿಡಿಯಲ್ಲಿ ಬರವಣಿಗೆ ಒಳಗಿನ ಸುತ್ತಿನಿಂದ ಹೊರಗಿನ ಸುತ್ತಿಗೆ ಸಾಗುವುದರಿಂದ, ಕೊನೆಯ ದೃಶ್ಯಗಳೆಲ್ಲ ಅಂಚಿನಲ್ಲಿರುತ್ತವೆ. ಡಿಸ್ಕನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದರೆ, ಬರೆದ ಭಾಗವೂ ಖಾಲಿ ಭಾಗವೂ ಬೇರೆ ಬೇರೆ ಛಾಯೆಯ ಬಳೆಗಳಾಗಿ ಕಾಣುತ್ತವೆ. ಬರೆದ ಬಳೆ ಅಂಚಿಗೆ ತಾಗುತ್ತಿದ್ದರೆ ತೊಂದರೆ ಬಹುಮಟ್ಟಿಗೆ ಅಲ್ಲಿಯೇ. ಡಿಸ್ಕಿನ ಓಲಾಟ ಹೆಚ್ಚು ತಿಳಿಯುವುದೂ ಬೆರಳಿನ ಗುರುತು ಬೀಳುವುದೂ ಅಂಚಿನಲ್ಲಿಯೇ. ಮೆತ್ತನೆಯ ಬಟ್ಟೆಯಿಂದ ನಡುವಿನಿಂದ ಅಂಚಿನ ಕಡೆಗೆ ನೇರವಾಗಿ ಒರೆಸಿ ನೋಡಿ, ದುಂಡಗೆ ಉಜ್ಜಬಾರದು. ಮೇಲೆ ಕಾಗದದ ಲೇಬಲ್ ಅಂಟಿಸುವ ಅಭ್ಯಾಸವಿದ್ದರೆ ದಯವಿಟ್ಟು ಬಿಡಿ, ಅದು ಡಿಸ್ಕಿನ ಸಮತೋಲವನ್ನೇ ಕೆಡಿಸುತ್ತದೆ.

ಒರೆಸಿದರೂ ಸರಿಹೋಗದಿದ್ದರೆ, ಹಾರ್ಡ್ ಡಿಸ್ಕಿನಲ್ಲಿ ಉಳಿದಿರುವ ಮೂಲ ಫೋಲ್ಡರನ್ನು ಕಂಪ್ಯೂಟರಿನಲ್ಲಿಯೇ ಓಡಿಸಿ. ಅಲ್ಲಿಯೂ ಅದೇ ನಿಮಿಷಕ್ಕೆ ಚಿತ್ರ ಒಡೆದರೆ ತಪ್ಪು ಎನ್‌ಕೋಡಿಂಗಿನದು (ವಿಡಿಯೊವನ್ನು ಡಿವಿಡಿ ರೂಪಕ್ಕೆ ಪರಿವರ್ತಿಸಿದ ಹಂತದ್ದು), ಹೊಸ ಡಿಸ್ಕ್ ಹಾಳು ಮಾಡಿ ಪ್ರಯೋಜನವಿಲ್ಲ. ಅಲ್ಲಿ ಸರಿಯಾಗಿ ಓಡಿದರೆ ಬಿಟ್‌ರೇಟ್, ಎಂದರೆ ಸೆಕೆಂಡಿಗೆ ಎಷ್ಟು ಮಾಹಿತಿ ಹರಿಯುತ್ತದೆ ಎಂಬುದನ್ನು, ನೋಡಿ. ಡಿವಿಡಿ ವಿಡಿಯೊದ ಒಟ್ಟು ಮಿತಿ ಸೆಕೆಂಡಿಗೆ 10.08 ಮೆಗಾಬಿಟ್ ನಿಜ, ಆದರೆ ಆ ಮಿತಿಗೆ ತಾಗಿಕೊಂಡು ನಡೆದ ಬರ್ನ್ ಮಾಡಿದ ಡಿಸ್ಕ್ ಬಡ ಪ್ಲೇಯರುಗಳಲ್ಲಿ ಏದುಸಿರು ಬಿಡುತ್ತದೆ. ಧ್ವನಿಯನ್ನು ಕುಗ್ಗಿಸದೆ ಪಿಸಿಎಂ ರೂಪದಲ್ಲಿಟ್ಟರೆ ಅದೊಂದೇ 1.5 ಮೆಗಾಬಿಟ್ ತಿನ್ನುತ್ತದೆ. ಡಾಲ್ಬಿ ಡಿಜಿಟಲ್‌ನಲ್ಲಿ 192 ಕಿಲೋಬಿಟ್ ಓಲಗಕ್ಕೂ ಮಂತ್ರಕ್ಕೂ ಸಾಕು. ತೊಂಬತ್ತು ನಿಮಿಷದ ವಿಡಿಯೊವನ್ನು ಧ್ವನಿಯೂ ಸೇರಿ ಸರಾಸರಿ 6 ಮೆಗಾಬಿಟ್‌ಗೆ ಇಳಿಸಿದರೆ ಸುಮಾರು 4 ಜಿಬಿ ಆಗಿ, 4.7 ಜಿಬಿ ಡಿಸ್ಕಿನ ಅಂಚು ಖಾಲಿ ಉಳಿಯುತ್ತದೆ.

ಮತ್ತೆ ಬರೆಯುವಾಗ 16 ಎಕ್ಸ್ (ಮೂಲ ವೇಗದ ಹದಿನಾರು ಪಟ್ಟಿನವರೆಗೆ ಬರೆಯಬಹುದಾದ) ಡಿಸ್ಕನ್ನು 8 ಎಕ್ಸ್ ವೇಗದಲ್ಲಿ ಬರೆಯಿರಿ. ಎಷ್ಟು ನಿಧಾನವೋ ಅಷ್ಟು ಒಳ್ಳೆಯದು ಎಂಬ ನಂಬಿಕೆ ಪೂರ್ತಿ ಸರಿಯಲ್ಲ, ಏಕೆಂದರೆ ವೇಗದ ಡಿಸ್ಕಿನ ಬಣ್ಣದ ಪದರ ತೀರ ಕಡಿಮೆ ವೇಗಕ್ಕೆ ಹದಗೊಂಡಿರುವುದಿಲ್ಲ. ಬರೆದದ್ದನ್ನು ಮತ್ತೆ ಓದಿ ತಾಳೆ ನೋಡುವ ವೆರಿಫೈ ಆಯ್ಕೆಯನ್ನು ಗುರುತಿಸಿ, ಮೊದಲು ಒಂದೇ ಪ್ರತಿ ತೆಗೆದು, ನಾಲ್ಕನೆಯ ಮನೆಯ ಆ ಹಳೆಯ ಪ್ಲೇಯರಿನಲ್ಲಿಯೇ ಕೊನೆಯ ಹತ್ತು ನಿಮಿಷವನ್ನು ಓಡಿಸಿ ನೋಡಿದ ಮೇಲೆ ಉಳಿದ ಪ್ರತಿಗಳನ್ನು ತೆಗೆಯಿರಿ.