ನಿಂಜಾಗಳನ್ನು ಕಿತ್ತು ಹಾಕಿದ ಮೇಲೆ ತಾಯಿ ಸಿನಿಮಾ ಸಿಕ್ಕಿತು

ನನಗೆ ಸಿಕ್ಕ ಫೈಲಿಗೆ ತಲೆಯೂ ಇರಲಿಲ್ಲ, ಬಾಲವೂ ಇರಲಿಲ್ಲ. ಟೈಟಲ್ ಕಾರ್ಡನ್ನೇ ಯಾರೋ ಕತ್ತರಿಸಿದ್ದರು. ಆದರೆ ಗಾರ್ಫೀಲ್ಡ್ ಬೆಕ್ಕಿನ ಆಕಾರದ ಫೋನಿನಲ್ಲಿ ಅಮೆರಿಕನ್ ನಟ ರಿಚರ್ಡ್ ಹ್ಯಾರಿಸನ್ ಗಂಭೀರವಾಗಿ ಮಾತಾಡುವುದು ಕಂಡಿತು. ಹೆಸರು ಅಲ್ಲಿಗೇ ಗೊತ್ತಾಯಿತು. 'ನಿಂಜಾ ಟರ್ಮಿನೇಟರ್', 1985, ನಿರ್ದೇಶಕ ಗಾಡ್‌ಫ್ರೀ ಹೋ, ಹಾಂಗ್‌ಕಾಂಗಿನ ಐಎಫ್‌ಡಿ ಕಂಪನಿ. ಇವರ ಕಸುಬು ನಿಮಗೆ ಗೊತ್ತೇ ಇದೆ. ಬೇರೆ ದೇಶದ ಸಿನಿಮಾ ಕೊಂಡು, ನಡುವೆ ನಿಂಜಾ ತುರುಕಿ, ಇಂಗ್ಲಿಷ್ ಡಬ್ ಮಾಡಿ ಮಾರುವುದು.

ನನಗೆ ಬೇಕಿದ್ದದ್ದು ಒಳಗೆ ಹೂತುಹೋದ ಮೂಲ ಸಿನಿಮಾ. ಉತ್ತರ ಕಂಡುಕೊಂಡವರು ಲೋಕದಲ್ಲಿ ಮೊದಲೇ ಇದ್ದಾರೆ. ಅದನ್ನು ನೋಡದೆ ನಾನೇ ಹಿಡಿಯುತ್ತೇನೆ ಅಂದೆ. "ಆಗೋದಿಲ್ಲ ಬಿಡೋ" ಅಂದ ಗೆಳೆಯ. ಬಿರಿಯಾನಿ ಪಂದ್ಯ ಆಯಿತು.

ಮೊದಲ ಎರಡು ತಿಂಗಳು ನೀರಲ್ಲಿ ಹೋಮ. ಸುಮಾರು 400 ಫ್ರೇಮ್ ತೆಗೆದು ಚಿತ್ರ ಹುಡುಕಾಟಕ್ಕೆ ಹಾಕಿದೆ. ಬಂದದ್ದೆಲ್ಲ ಇದೇ ಸಿನಿಮಾದ ಪೋಸ್ಟರ್. ಒಳ್ಳೆ ಪ್ರತಿ ಇದ್ದರೆ ಬೋರ್ಡುಗಳನ್ನು ಓದಬಹುದು ಅಂತ ಹೊರದೇಶದಿಂದ ವಿಎಚ್‌ಎಸ್ ತರಿಸಿದೆ. ಟೇಪಿಗೂ ಅಂಚೆಗೂ ಸೇರಿ ಮೂರು ಸಾವಿರದ ಹತ್ತಿರ. ಒಳಗೆಲ್ಲ ಬೂಷ್ಟು. ಮಾರಿದವನು ಮತ್ತೆ ಉತ್ತರಿಸಲೇ ಇಲ್ಲ. ಅದು ನನ್ನ ವಿಸಿಆರ್ ಹೆಡ್ಡನ್ನೂ ಕೆಡಿಸಿತು. ಎಸ್‌ಪಿ ರೋಡಿನಲ್ಲಿ ರಿಪೇರಿಗೆ ಇನ್ನೊಂದು ಸಾವಿರ. ಮನೆಯಲ್ಲಿ ಮಾತ್ರ ಎಲ್ಲಾ ಸೇರಿ ಐನೂರು ಅಂತ ಹೇಳಿದ್ದೇನೆ.

ಆಮೇಲೆ ಬುದ್ಧಿ ಬಂತು. ಹ್ಯಾರಿಸನ್ ಇರುವ ಶಾಟ್, ಆಟಿಕೆ ರೋಬಾಟ್, ನಿಂಜಾ, ಎಲ್ಲ ಕಿತ್ತು ಹಾಕಿದೆ. ಹೀರೊ ಜಾಗ್ವಾರ್ ವಾಂಗ್ ಇವರ ಜೊತೆ ಒಂದೇ ಫ್ರೇಮಿನಲ್ಲಿ ನಿಲ್ಲುವುದೇ ಇಲ್ಲ, ಬರೀ ಫೋನಿನ ಸಂಬಂಧ. ಹಾಗಾಗಿ ಬೇರ್ಪಡಿಸುವುದು ಸುಲಭ. ಎರಡನ್ನೂ ಅಂಟಿಸಿದ ಜಾಗಗಳನ್ನು ಹೇಗೆ ಹಿಡಿದೆ ಅನ್ನೋದು ನನ್ನ ಹತ್ತಿರವೇ ಇರಲಿ. ಸುಮ್ನೆ ಡಬ್ ದನಿಗಳನ್ನೂ ವಿಂಗಡಿಸಲು ಹೋಗಿ ಒಂದು ವಾರ ಕಳೆದೆ. ಎರಡೂ ಭಾಗಕ್ಕೆ ಅವರೇ ದನಿ ಕೊಟ್ಟಿದ್ದರೆ ಏನು ಸಿಗುತ್ತೆ, ಮಣ್ಣು!

ಉಳಿದ ಭಾಗದಲ್ಲಿ ಹೊಂಬಣ್ಣದ ವಿಗ್ ಹಾಕಿದ ವಿಲನ್ ಇದ್ದಾನೆ. ವಿಗ್ ಇದ್ದರೇನು, ಆ ಕಾಲು ಎತ್ತುವ ರೀತಿ ನೋಡಿದರೆ ಸಾಕು. 1978ರಲ್ಲಿ ಜಾಕಿ ಚಾನ್‌ಗೆ ಎರಡು ಸಿನಿಮಾಗಳಲ್ಲಿ ಒದ್ದ ಕೊರಿಯನ್ ನಟ ಹ್ವಾಂಗ್ ಜಾಂಗ್ ಲೀ. ಹಾಗಾದರೆ ಕೊರಿಯಾದಲ್ಲೇ ಹುಡುಕಬೇಕು. ಕೊರಿಯನ್ ಅಕ್ಷರ ಕಲಿತೆ, ನಾಲ್ಕೈದು ಸಂಜೆ ಸಾಕಾಯಿತು. ಮೂಲ ಅಕ್ಷರ 24, ಗುಣಿತ ಗೊತ್ತಿರುವ ನಮಗೆ ಅದೇನು ಜಾಸ್ತಿ ಅಲ್ಲ ಅಲ್ವಾ.

ಆದರೂ ಸೊನ್ನೆ! ತಪ್ಪು ಹೆಸರಲ್ಲಿತ್ತು. 'ಜಾಂಗ್ ಲೀ' ಅನ್ನೋದು ಹಾಂಗ್‌ಕಾಂಗಿನ ಪೋಸ್ಟರಿನ ಇಂಗ್ಲಿಷ್ ಕಾಗುಣಿತ. ಕೊರಿಯನ್ನಲ್ಲಿ ಅವನು 'ಜಂಗ್ ರಿ'. ಆ ಸ್ವರ ನಮ್ಮ ಅ, ಒ ಎರಡರ ನಡುವಿನದು. ನಾನು ದೀರ್ಘ ಆ ಹಾಕಿ ಹುಡುಕುತ್ತಿದ್ದೆ. ಒಂದು ಸ್ವರ ಬದಲಿಸಿದ ಮೇಲೆ ಕೊರಿಯನ್ ಫಿಲ್ಮ್ ಆರ್ಕೈವ್‌ನ ಸಿನಿಮಾ ಮಾಹಿತಿ ತಾಣ ಕೆಎಂಡಿಬಿಯಲ್ಲಿ ಅವನ ಸಿನಿಮಾಗಳ ಪಟ್ಟಿ ಬಿಚ್ಚಿಕೊಂಡಿತು. 1985ಕ್ಕಿಂತ ಹಿಂದಿನ ಎರಡು ಮೂರು ವರ್ಷ ಸೋಸಿದೆ. ಒಂದು ಸಿನಿಮಾ ಸಿಕ್ಕಿತು. ಹೆಸರಿನ ಅರ್ಥ 'ಸ್ಟಾರ್ ಫೆರಿಯ ಕರೆಯದ ಅತಿಥಿ', 1984.

ಪರಿಚಯದವರೊಬ್ಬರ ಬಳಿ ಕೊರಿಯನ್ ಪ್ರತಿ ಇತ್ತು. ಅದಕ್ಕೆ ಏನು ಕೊಟ್ಟೆ ಅಂತ ಕೇಳಬೇಡಿ. ಎರಡನ್ನೂ ಅಕ್ಕಪಕ್ಕ ಇಟ್ಟು ಓಡಿಸಿದೆ. ಏಟಿಗೆ ಏಟು ಕೂಡಿತು.

ಗೆಳೆಯ ಬಿರಿಯಾನಿ ಕೊಡಿಸಿದ. ಮೂಲ ಸಿನಿಮಾ ಅರ್ಧ ಗಂಟೆ ನೋಡಿ ಕೇಳಿದ: "ಬೆಕ್ಕಿನ ಫೋನ್ ಯಾವಾಗ ಬರುತ್ತೋ?"